ಯಲಹಂಕ ಬಾಗಿಲಿನಿಂದ ಮಾರ್ಕೆಟ್ಟಿನವರೆಗೆ

"ದೊಡ್ಡಪೇಟೆಗೆ ಹೋಗೋಣಪ್ಪ" ಎಂದು ಆಟೋ ಹತ್ತಿದೆ. ಚಾಲಕ ಹುಡುಗ ಕತ್ತು ತಿರುಗಿಸಿ ನೋಡಿದ. "ಚಿಕ್ಕಪೇಟೆ ಗೊತ್ತು ಸಾರ್. ದೊಡ್ಡಪೇಟೆ ಎಲ್ಲಿ ಬರುತ್ತೆ?"

"ಅವೆನ್ಯೂ ರೋಡು."

"ಹಂಗ್ ಹೇಳಿ ಮತ್ತೆ" ಎಂದು ಗಾಡಿ ಎತ್ತಿದ.

ಭಾನುವಾರ, ಬೆಳಗಿನ ಏಳು ಗಂಟೆ. ಮೈಸೂರು ಬ್ಯಾಂಕ್ ವೃತ್ತದಲ್ಲಿ ಇಳಿದು ಸುಮ್ಮನೆ ನಿಂತೆ. ಈ ಜಾಗದಲ್ಲಿ ನಿಂತಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎದುರಿಗಿರುವುದು ಸುಮಾರು ಒಂದು ಕಿಲೋಮೀಟರ್ ಉದ್ದದ ಇಕ್ಕಟ್ಟಾದ ರಸ್ತೆ. ಬೆಂಗಳೂರಿನಲ್ಲಿ ಇದಕ್ಕಿಂತ ಅಗಲವಾದ, ಚೆಂದವಾದ, ಹೆಸರುವಾಸಿಯಾದ ರಸ್ತೆಗಳು ನೂರಿವೆ. ಆದರೆ ಸುಮಾರು ಐದು ಶತಮಾನಗಳಿಂದ ಒಂದೇ ಸಾಲಿನಲ್ಲಿ, ಒಂದೇ ಕಸುಬು ಹಿಡಿದು ನಿಂತಿರುವುದು ಇದು. ಆ ಕಸುಬು ವ್ಯಾಪಾರ. ಮಾರುವ ಸರಕು ಬದಲಾಗಿದೆ, ಮಾರುವವರು ಬದಲಾಗಿದ್ದಾರೆ, ಕಟ್ಟಡಗಳು ಬಿದ್ದು ಎದ್ದಿವೆ. ಬೆಳಗಾದರೆ ಬಾಗಿಲಿಗೆ ನೀರು ಹಾಕಿ ಬೋಣಿಗೆ ಕಾಯುವುದು ಮಾತ್ರ ನಿಂತಿಲ್ಲ.

ವೃತ್ತಕ್ಕೆ ಹೆಸರು ಕೊಟ್ಟ ಬ್ಯಾಂಕಿನ ಕಟ್ಟಡ ಅಲ್ಲೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಅವರ ಮುತುವರ್ಜಿಯಿಂದ 1913ರಲ್ಲಿ ಶುರುವಾದ ಬ್ಯಾಂಕು ಅದು. ನಾಡಿನ ಹಳ್ಳಿ ಹಳ್ಳಿಯ ಮೇಷ್ಟರ ಸಂಬಳ, ರೇಷ್ಮೆ ಬೆಳೆಗಾರರ ದುಡ್ಡು, ಹೆಣ್ಣುಮಕ್ಕಳ ಮದುವೆಗೆಂದು ಕೂಡಿಟ್ಟ ಠೇವಣಿ ಎಲ್ಲ ಹಾದುಹೋದದ್ದು ಅದರ ಖಾತೆಗಳಲ್ಲಿ. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಮೈಸೂರು ಬ್ಯಾಂಕ್ ಈಗಿಲ್ಲ, ಮೈಸೂರು ಬ್ಯಾಂಕ್ ವೃತ್ತ ಇದೆ. ಬಸ್ಸಿನ ಕಂಡಕ್ಟರ್ ಇವತ್ತಿಗೂ ಕೂಗುವುದು ಅದೇ ಹೆಸರನ್ನು. ವೃತ್ತದ ಬಳಿ 1942ರ ಚಳವಳಿಯಲ್ಲಿ ಗುಂಡಿಗೆ ಎದೆಯೊಡ್ಡಿದವರ ಸ್ಮಾರಕವೂ ಇದೆ. ಸಿಗ್ನಲ್ ಬಿಡುವುದನ್ನೇ ಕಾಯುವ ನಾವು ಅದರತ್ತ ಕಣ್ಣು ಹಾಯಿಸುವುದು ಕಡಿಮೆ. ಅಂದು ಒಂದು ನಿಮಿಷ ನಿಂತು ಕೈ ಮುಗಿದೆ.

ರಸ್ತೆಯ ಬಾಯಲ್ಲೇ ಆಂಜನೇಯನ ಗುಡಿ. ಯಲಹಂಕ ಗೇಟ್ ಆಂಜನೇಯ ಎಂದೇ ಹೆಸರು. ಗೇಟ್ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಪೇಟೆಗೆ ಸುತ್ತಲೂ ಮಣ್ಣಿನ ಕೋಟೆ, ಕಂದಕ, ಮುಳ್ಳುಬೇಲಿ ಇದ್ದ ಕಾಲದಲ್ಲಿ ಉತ್ತರದಿಂದ ಬರುವ ಗಾಡಿಗಳು ಒಳಗೆ ಬರುತ್ತಿದ್ದದ್ದು ಈ ಬಾಗಿಲಿನಿಂದ. ಪೂರ್ವಕ್ಕೆ ಹಲಸೂರು ಬಾಗಿಲು. 1791ರ ಮಾರ್ಚ್ 7ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಆ ಕಡೆಯಿಂದ. ಆ ಬಾಗಿಲೂ ಈಗಿಲ್ಲ, ಆದರೆ ಹಲಸೂರು ಗೇಟ್ ಪೊಲೀಸ್ ಠಾಣೆ ಇದೆ. ಬಾಗಿಲು ಹೋಗಿ ಇಷ್ಟು ವರ್ಷವಾದ ಮೇಲೂ ದೇವರು ಒಂದು ಬಾಗಿಲನ್ನೂ ಪೊಲೀಸರು ಇನ್ನೊಂದನ್ನೂ ಕಾಯುತ್ತಿದ್ದಾರೆ. ಈ ಪೇಟೆಯನ್ನು ನಾನು ಪ್ರೀತಿಸಲು ಇಂಥವೇ ಕಾರಣ.

ನಡೆಯಲು ಶುರು ಮಾಡಿದೆ. ಅವೆನ್ಯೂ ಎಂದರೆ ಸಾಲುಮರಗಳ ದಾರಿ. ಇಲ್ಲಿ ಸಾಲುಮರ ಕಾಣದು. ಇರುವುದು ಸಾಲು ಅಂಗಡಿ, ಅದರ ಮೇಲೆ ಸಾಲು ಫಲಕ, ಅದರ ಮೇಲೆ ಜೋತಾಡುವ ವೈರುಗಳ ಗೋಜಲು. ಹಳಬರ ಬಾಯಲ್ಲಿ ಇದು ದೊಡ್ಡಪೇಟೆ. ಯಲಹಂಕ ಬಾಗಿಲಿನಿಂದ ತೆಂಕಣ ಕೋಟೆಯ ಕಡೆಗೆ ಹೋಗುವ ದೊಡ್ಡ ಬೀದಿ. ಹಲಸೂರು ಬಾಗಿಲಿನಿಂದ ಪಡುವಣಕ್ಕೆ ಹೋಗುವ ಅಡ್ಡ ಬೀದಿ ಚಿಕ್ಕಪೇಟೆ.

ಬುಕ್ಕಿನ ಅಂಗಡಿಗಳ ಸಾಲಿಗೆ ಬಂದಾಗ ನನ್ನ ನಡಿಗೆ ತಾನಾಗಿ ನಿಧಾನವಾಯಿತು. 1983ರ ಜೂನ್ ತಿಂಗಳಲ್ಲಿ ಅಪ್ಪ ನನ್ನನ್ನು ತುಮಕೂರಿನಿಂದ ಬೆಳಗಿನ ಬಸ್ಸಿಗೆ ಕರೆತಂದು ಇದೇ ಸಾಲಿನಲ್ಲಿ ನಿಲ್ಲಿಸಿದ್ದರು. ಪಿಯುಸಿ ವಿಜ್ಞಾನದ ಪುಸ್ತಕ ಬೇಕಾಗಿತ್ತು. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಅರ್ಧ ಬೆಲೆಗೆ ಹಳೆಯದು ಸಿಗುತ್ತದೆ, ವರ್ಷದ ಕೊನೆಗೆ ವಾಪಸು ತಂದರೆ ಅದರ ಅರ್ಧಕ್ಕೆ ಅವರೇ ಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಆಳೆತ್ತರದ ಪುಸ್ತಕದ ರಾಶಿಗಳ ನಡುವೆ ಒಬ್ಬರು ಮಣೆಯ ಮೇಲೆ ಕೂತಿದ್ದರು. ಅಪ್ಪ ಚೀಟಿ ಕೊಟ್ಟರು. ಅವರು ಚೀಟಿ ಪೂರ್ತಿ ಓದದೆ, ರಾಶಿಯ ನಡುವೆ ಎಲ್ಲೋ ಕೈ ತೂರಿಸಿ, ಮೇಲಿನ ಒಂದು ಪುಸ್ತಕವೂ ಅಲುಗದಂತೆ ನಮಗೆ ಬೇಕಾದ ಭೌತಶಾಸ್ತ್ರವನ್ನು ಎಳೆದು ಕೊಟ್ಟರು. ಆ ಕೈಚಳಕ ನನ್ನ ಕಣ್ಣಿಂದ ಮರೆಯಾಗಿಲ್ಲ. ಮನೆಗೆ ಹೋಗಿ ಪುಸ್ತಕ ಬಿಡಿಸಿದರೆ ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಸಣ್ಣ ಅಕ್ಷರ. ಯಾವುದು ಪರೀಕ್ಷೆಗೆ ಬರುತ್ತದೆ, ಯಾವುದನ್ನು ಬಿಡಬಹುದು, ಎಲ್ಲಿ ಸೂತ್ರದಲ್ಲಿ ಅಚ್ಚಿನ ತಪ್ಪಿದೆ ಎಲ್ಲವನ್ನೂ ಗುರುತಿಸಿಟ್ಟಿದ್ದರು ಹಿಂದಿನ ಒಡೆಯರು. ಅವರು ಯಾರೆಂದು ನನಗೆ ತಿಳಿಯದು. ನನಗೆ ಪಾಠ ಹೇಳಿದ ಗುರುಗಳಲ್ಲಿ ಅವರೂ ಒಬ್ಬರು.

ಈಗ ಆ ಸಾಲಿನಲ್ಲಿ ಪುಸ್ತಕದಂಗಡಿಗಳು ಕಡಿಮೆಯಾಗಿವೆ. ಪಠ್ಯ ಬೇಗ ಬೇಗ ಬದಲಾಗುತ್ತದೆ, ಕಳೆದ ವರ್ಷದ ಪುಸ್ತಕ ಈ ವರ್ಷ ರದ್ದಿ. ಉಳಿದದ್ದು ಫೋನಿನಲ್ಲಿ ಸಿಗುತ್ತದೆ. ಇದ್ದ ಜಾಗಕ್ಕೆ ಮೊಬೈಲ್ ಕವರು, ಬ್ಯಾಗು, ಬಣ್ಣದ ಒಡವೆ ಬಂದಿವೆ. ಆದರೂ ಭಾನುವಾರ ಮುಚ್ಚಿದ ಶಟರುಗಳ ಮುಂದೆ ಗೋಣಿತಾಟು ಹಾಸಿ ಹಳೆ ಪುಸ್ತಕ ಹರಡುವವರು ಇದ್ದಾರೆ. ಅಂದು ಏಳೂವರೆಗೆಲ್ಲ ಒಬ್ಬರು ಜೋಡಿಸುತ್ತಿದ್ದರು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಒಂದು ಕಡೆ, ಹಳೆಯ ಕಾದಂಬರಿಗಳು ಒಂದು ಕಡೆ, ಎಂಜಿನಿಯರಿಂಗಿನ ದಪ್ಪ ಪುಸ್ತಕಗಳು ಗೋಡೆಗೆ ಒರಗಿಸಿ.

"ವ್ಯಾಪಾರ ಹೇಗಿದೆ ಯಜಮಾನರೇ?" ಎಂದೆ.

"ನಮ್ಮಪ್ಪನ ಕಾಲದಲ್ಲಿ ಜೂನ್ ತಿಂಗಳು ಊಟಕ್ಕೆ ಪುರುಸೊತ್ತು ಇರಲಿಲ್ಲ ಸಾರ್. ಈಗ ಗೌರ್ಮೆಂಟ್ ಕೆಲಸದ ನೋಟಿಫಿಕೇಶನ್ ಬಂದಾಗ ಮಾತ್ರ ಹಂಗಿರುತ್ತೆ." ಹೇಳುತ್ತಲೇ ಒಂದು ಹಳೆಯ ನಿಘಂಟಿನ ಬೆನ್ನಿಗೆ ಗೋಂದು ಸವರಿ, ಬಟ್ಟೆಯ ಪಟ್ಟಿ ಅಂಟಿಸಿ, ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ತೀಡಿದರು. ಮೂರು ಸಲ ತೀಡಿ, ಮೇಲೆ ಇಟ್ಟಿಗೆ ಹೇರಿ ಪಕ್ಕಕ್ಕಿಟ್ಟರು. ಒಣಗಿದ ಮೇಲೆ ಅದು ಇನ್ನೊಂದು ಇಪ್ಪತ್ತು ವರ್ಷ ಬಾಳುತ್ತದೆ.

ಪುಸ್ತಕ, ಕಾಗದ, ಅಚ್ಚು ಇವು ಮೂರೂ ಈ ರಸ್ತೆಯಲ್ಲಿ ಒಂದೇ ಬೇರಿನವು. ಬೈಂಡಿಂಗ್ ಅಂಗಡಿ, ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ, ಡೈರಿ, ಕ್ಯಾಲೆಂಡರ್, ಲಗ್ನಪತ್ರಿಕೆ. ಲಗ್ನಪತ್ರಿಕೆಯ ಅಂಗಡಿಗಳು ಮಾತ್ರ ಇನ್ನೂ ಗಟ್ಟಿಯಾಗಿವೆ. ವಾಟ್ಸಾಪಿನಲ್ಲಿ ಕರೆದರೂ ದೇವರ ಮುಂದೆ ಇಟ್ಟು ಅರಿಶಿನ ಹಚ್ಚಲು ಒಂದು ಕಾಗದದ ಪತ್ರಿಕೆ ಬೇಕೇ ಬೇಕಲ್ಲ! ಪತ್ರಿಕೆ ಇಲ್ಲಿ, ಧಾರೆ ಸೀರೆ ಚಿಕ್ಕಪೇಟೆಯಲ್ಲಿ, ತಾಳಿ ಬೊಟ್ಟು ರಾಜಾ ಮಾರ್ಕೆಟ್ ಬಳಿ, ಓಲಗದವರ ವಾದ್ಯ ಬಳೇಪೇಟೆಯಲ್ಲಿ, ಹೂವು ಕೊನೆಯಲ್ಲಿರುವ ಮಾರ್ಕೆಟ್ಟಿನಲ್ಲಿ. ಒಂದು ಮದುವೆಯ ಸಾಮಾನನ್ನೆಲ್ಲ ಒಂದೇ ದಿನ ಕಾಲ್ನಡಿಗೆಯಲ್ಲಿ ಕೊಂಡು ಮುಗಿಸಬಹುದಾದ ಜಾಗ ಬೆಂಗಳೂರಿನಲ್ಲಿ ಇದೊಂದೇ ಎಂದು ನನ್ನ ನಂಬಿಕೆ.

ದಾರಿಯಲ್ಲಿ ರೈಸ್ ಸ್ಮಾರಕ ಚರ್ಚ್. ಅಂಗಡಿಗಳ ಗಲಾಟೆಯ ನಡುವೆ ಅಂಗಳ ಬಿಟ್ಟು, ದಪ್ಪ ಕಂಬಗಳೊಂದಿಗೆ ತಣ್ಣಗೆ ನಿಂತಿದೆ. ಈಗಿರುವ ಕಟ್ಟಡ 1917ರದು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ನೆನಪಿನದು. ಅವರು ಬೆಂಗಳೂರಿಗೆ ಬಂದದ್ದು 1837ರಲ್ಲಿ. ಐದು ದಶಕ ಇಲ್ಲೇ ಇದ್ದು, ಕನ್ನಡ ಕಲಿತು, ಕನ್ನಡದಲ್ಲೇ ಬರೆದು, ಇಲ್ಲೇ ಮಣ್ಣಾದರು. ಅದೇ 1837ರಲ್ಲಿ ಹುಟ್ಟಿದ ಅವರ ಮಗ ಬಿ.ಎಲ್. ರೈಸ್. ಊರೂರು ಅಲೆದು ನಮ್ಮ ಸಾವಿರಾರು ಶಾಸನಗಳನ್ನು ಹುಡುಕಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಮಾಡಿಸಿದವರು. ಗಂಗರು, ಹೊಯ್ಸಳರು ಎಂದು ನಾವಿಂದು ಇಸವಿ ಸಮೇತ ಮಾತಾಡುವುದರ ಹಿಂದೆ ಆ ಮನುಷ್ಯನ ಕುದುರೆಸವಾರಿಯ ಬೆವರಿದೆ. ಆ ಭಾನುವಾರ ಒಳಗಿಂದ ಕನ್ನಡದ ಹಾಡು ಕೇಳಿಸುತ್ತಿತ್ತು. ಹೊರಗೆ ಕೊತ್ತಂಬರಿ ಸೊಪ್ಪಿನ ಕೈಗಾಡಿಯವನು ಕೂಗು ನಿಲ್ಲಿಸಿ, ಗೇಟು ದಾಟಿದ ಮೇಲೆ ಮತ್ತೆ ಶುರು ಮಾಡಿದ.

ಅಡ್ಡರಸ್ತೆಗೆ ಬಂದೆ. ದೊಡ್ಡಪೇಟೆ ಚಿಕ್ಕಪೇಟೆಗಳು ಒಂದನ್ನೊಂದು ಕತ್ತರಿಸುವ ಚೌಕ. 1537ರಲ್ಲಿ ಕೆಂಪೇಗೌಡರು ಇಲ್ಲಿ ನಿಂತು ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಕಟ್ಟಿಸಿ, ನಾಲ್ಕು ದಿಕ್ಕಿಗೆ ಹೊಡೆಸಿದರು, ಆ ಉಳುಮೆಯ ಗೆರೆಗಳೇ ಬೀದಿಗಳಾದವು ಎಂಬುದು ಐತಿಹ್ಯ. ನಾನು ಎಷ್ಟೋ ಸಲ ಈ ಚೌಕ ದಾಟಿದ್ದೇನೆ, ಬಹಳ ಸಲ ಚೀಲಗಳ ಭಾರದಲ್ಲಿ. ಅಂದು ಮೊದಲ ಸಲ ನಾಲ್ಕೂ ಕಡೆಗೆ ತಿರುಗಿ ತಿರುಗಿ ನೋಡಿದೆ. ಬಡಗಣಕ್ಕೆ ನಾನು ಬಂದ ದಾರಿ. ತೆಂಕಣಕ್ಕೆ ಮಾರ್ಕೆಟ್. ಎಡಕ್ಕೂ ಬಲಕ್ಕೂ ಜವಳಿ ಅಂಗಡಿಗಳು. ನೇಗಿಲ ಗೆರೆಯ ಮೇಲೆ ಕಾಂಕ್ರೀಟು ಬಿದ್ದಿದೆ, ಆದರೆ ಗೆರೆ ಮಾತ್ರ ಅಲ್ಲಾಡಿಲ್ಲ! ನನ್ನ ಪಕ್ಕದಲ್ಲಿ ಹಮಾಲಿಯೊಬ್ಬ ತಲೆಯ ಮೇಲೆ ಸೀರೆಯ ದೊಡ್ಡ ಗಂಟು ಹೊತ್ತು "ದಾರಿ, ದಾರಿ" ಎನ್ನುತ್ತ ಹೋದ. ನಿಂತು ಬೆರಗಾಗುವವರಿಗೆ ಈ ಪೇಟೆ ಹೆಚ್ಚು ಹೊತ್ತು ಜಾಗ ಕೊಡುವುದಿಲ್ಲ.

ಈ ಚೌಕದ ಸುತ್ತ ಕಸುಬಿಗೊಂದು ಪೇಟೆ ಹುಟ್ಟಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ, ತರಗುಪೇಟೆ. 1800ರಲ್ಲಿ ಇಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಪಟ್ಟೇಗಾರರು ರೇಷ್ಮೆಗೆ ಬಣ್ಣ ಕಟ್ಟುವ ಬಗೆ, ಗಾಣದಲ್ಲಿ ಎಣ್ಣೆ ತೆಗೆಯುವ ಬಗೆ ಎಲ್ಲವನ್ನೂ ಕೂತು ಕೇಳಿ ಬರೆದುಕೊಂಡ. ಇಂದು ಅದೇ ಹೆಸರುಗಳನ್ನು ಹಿಡಿದು ಹೋಗಿ ನೋಡಿ. ಅಕ್ಕಿಪೇಟೆಯಲ್ಲಿ ಔಷಧಿಯ ಸಗಟು ವ್ಯಾಪಾರ. ಬಳೇಪೇಟೆಯಲ್ಲಿ ತಬಲ, ಹಾರ್ಮೋನಿಯಂ, ವೀಣೆ. ಸಾದರ ಪತ್ರಪ್ಪನವರ ರಸ್ತೆಯಲ್ಲಿ ಕಂಪ್ಯೂಟರಿನ ಬಿಡಿಭಾಗಗಳು. ಬೆಂಗಳೂರಿನ ಎಂಜಿನಿಯರಿಂಗ್ ಹುಡುಗರಲ್ಲಿ ಎಷ್ಟೋ ಮಂದಿ ಮೊದಲ ಕಂಪ್ಯೂಟರನ್ನು ಚೂರುಚೂರಾಗಿ ಕೊಂಡು ಜೋಡಿಸಿದ್ದು ಅಲ್ಲಿಂದ. ಕುಂಬಾರಪೇಟೆಯಲ್ಲಿ ತಿಗರಿ ತಿರುಗುವುದಿಲ್ಲ. ತರಗುಪೇಟೆಯೊಂದು ಮಾತ್ರ ಹೆಸರಿಗೆ ತಕ್ಕಂತೆ ಕಾಳುಕಡ್ಡಿಯ ಮಂಡಿಗಳನ್ನು ಇನ್ನೂ ಉಳಿಸಿಕೊಂಡಿದೆ. ಬೀದಿಯ ತುದಿಯಲ್ಲೇ ಬೇಳೆ, ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುತ್ತದೆ.

ಇಷ್ಟೆಲ್ಲ ಬದಲಾದದ್ದು ಒಂದೇ ಏಟಿಗಲ್ಲ. ಒಂದು ದೊಡ್ಡ ಏಟು ಮಾತ್ರ ಇಸವಿ ಹಿಡಿದು ಹೇಳುವಂಥದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಪೇಟೆಯ ಮನೆಗಳಲ್ಲಿ ಇಲಿ ಬಿದ್ದರೆ ಜನ ಮನೆ ಬಿಟ್ಟು ಓಡುತ್ತಿದ್ದರು. ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳೂ ಹಿತ್ತಲುಗಳೂ ಆ ಭಯದ ಬೆನ್ನಿಗೆ ಬೆಳೆದವು. ಉಳ್ಳವರು ಅಲ್ಲಿಗೆ ಹೋದರು. ಅಂಗಡಿ ಕೆಳಗೆ, ಸಂಸಾರ ಮೇಲೆ ಎಂಬ ಪೇಟೆಯ ಬದುಕು ಸಡಿಲವಾಯಿತು. ಕಾಲ ಕಳೆದಂತೆ ಮಲಗುವ ಕೋಣೆ ಗೋಡೌನಾಯಿತು, ಅಡಿಗೆಮನೆ ಲೆಕ್ಕದ ಕೋಣೆಯಾಯಿತು, ತೊಟ್ಟಿಯ ಮೇಲೆ ತಗಡು ಬಿತ್ತು.

ಆ ಮನೆಗಳು ಈಗಲೂ ಕೆಲವು ಇವೆ, ತಲೆಯೆತ್ತಿದರೆ. ಚೌಕದಿಂದ ಸ್ವಲ್ಪ ಮುಂದೆ ಒಂದು ಅಂಗಡಿಯ ಮುಂದೆ ಹತ್ತು ನಿಮಿಷ ನಿಂತೆ. ಕೆಳಗೆ ಗಾಜಿನ ಬಾಗಿಲು, ಕಣ್ಣು ಕೋರೈಸುವ ದೀಪ, ಒಡವೆಯ ಜಾಹೀರಾತಿನಲ್ಲಿ ನಗುವ ಮದುಮಗಳು. ಫಲಕದ ಮೇಲೆ ಎರಡಡಿ ದಾಟಿದರೆ ಇನ್ನೊಂದು ಕಾಲ. ಮರದ ಕೆತ್ತನೆಯ ಎರಡು ಕಂಬ, ನಡುವೆ ಸಣ್ಣ ಮೊಗಸಾಲೆ, ಕಂಬಿಯ ಕಿಟಕಿ, ಗಾರೆಯ ಹೂಬಳ್ಳಿ. ಅದರ ತಲೆಯ ಮೇಲೆ ಕಟ್ಟಿದ ಇಸವಿ ಬರೆಸಿದ್ದಾರೆ. ಮಳೆಗೆ ಸವೆದು 19 ಎಂಬುದಷ್ಟೇ ಉಳಿದಿದೆ. ಮುಂದಿನ ಎರಡು ಅಂಕಿ ಇಲ್ಲ. ಮೊಗಸಾಲೆಯಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಪೆಟ್ಟಿಗೆಗಳ ಸಂದಿಯಲ್ಲಿ ಒಂದು ಹಳೆಯ ಹಿತ್ತಾಳೆ ಕೊಕ್ಕೆ ತೂಗುತ್ತಿತ್ತು. ತೊಟ್ಟಿಲು ಕಟ್ಟುವ ಕೊಕ್ಕೆ. ನನ್ನ ಅಜ್ಜಿಯ ಮನೆಯ ತೊಲೆಯಲ್ಲೂ ಅಂಥದೇ ಇತ್ತು, ಅದಕ್ಕೇ ಗುರುತು ಸಿಕ್ಕಿತು. ಆ ಮಹಡಿಯಲ್ಲಿ ಎಷ್ಟು ಮಕ್ಕಳು ಲಾಲಿ ಕೇಳಿ ಮಲಗಿದ್ದವೋ.

ಅಲ್ಲೇ ಪಕ್ಕದ ಓಣಿಯಲ್ಲಿ ಅಕ್ಕಸಾಲಿಗರ ಸಣ್ಣ ಸಣ್ಣ ಕೋಣೆಗಳು. ಹೆಂಗಸೊಬ್ಬಳು ಸಣ್ಣ ಕುಂಚದಿಂದ ಕಲ್ಲುಚಪ್ಪಡಿಯ ಸಂದುಗಳಲ್ಲಿನ ಧೂಳು ಗುಡಿಸಿ ತಗಡಿನ ಡಬ್ಬಿಗೆ ತುಂಬುತ್ತಿದ್ದಳು. ಏನಮ್ಮಾ ಎಂದರೆ, "ತೊಳೆದರೆ ಚಿನ್ನದ ಪುಡಿ ಸಿಗುತ್ತೆ ಸ್ವಾಮಿ" ಎಂದಳು. ಒಳಗೆ ಅರ ಹಾಕುವಾಗ ಬಟ್ಟೆಗೆ, ಕಾಲಿಗೆ ಅಂಟಿ ಹೊರಬರುವ ಕಣ್ಣಿಗೆ ಕಾಣದ ಕಣಗಳು. ಆ ರಸ್ತೆಯ ಕಸಕ್ಕೂ ಬೆಲೆ ಇದೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ನೆಲದ ಕೆಳಗೂ ಒಂದು ಬೀದಿ ಇದೆ ಈಗ. ಗೋದಾವರಿ ಎಂದು ಹೆಸರಿಟ್ಟ ಮೆಟ್ರೋ ಸುರಂಗದ ಯಂತ್ರ ಚಿಕ್ಕಪೇಟೆಯಿಂದ ಮೆಜೆಸ್ಟಿಕ್ಕಿನ ಕಡೆಗೆ ಗಟ್ಟಿ ಬಂಡೆಯನ್ನು ಕೊರೆದು ಕೊರೆದು ಹಲ್ಲು ಮುರಿದುಕೊಂಡು, ತಿಂಗಳುಗಟ್ಟಲೆ ನಿಂತು, ಕೊನೆಗೆ 2016ರಲ್ಲಿ ಆಚೆ ಬಂತು. 2017ರ ಜೂನ್‌ನಿಂದ ಚಿಕ್ಕಪೇಟೆಗೂ ಮಾರ್ಕೆಟ್ಟಿಗೂ ಮೆಟ್ರೋ ಓಡುತ್ತಿದೆ. ಕೋಟೆಯ ಬಳಿ ಅಗೆಯುವಾಗ ಹಳೆಯ ಫಿರಂಗಿಗಳು ಸಿಕ್ಕವು. ಕೆಂಪೇಗೌಡರ ಎತ್ತುಗಳ ಗೊರಸಿನ ಕೆಳಗೆ ಇದ್ದ ಬಂಡೆಯ ಒಳಗೇ ಈಗ ಜನ ಕೂತು ಪ್ರಯಾಣ ಮಾಡುತ್ತಾರೆ. ಜಯನಗರದಿಂದ ಹೆಣ್ಣುಮಕ್ಕಳು ಸೀರೆ ಆರಿಸಲು ಹಾಗೇ ಬಂದು ಹಾಗೇ ಹೋಗುತ್ತಾರೆ.

ಮೇಲಿನ ರಸ್ತೆಯ ಕಷ್ಟಗಳೂ ಸಣ್ಣವಲ್ಲ. ಅಗಲ ಮಾಡುತ್ತೇವೆಂದು ಗುರುತು ಹಾಕಲು ಬಂದಾಗ ಅಂಗಡಿಯವರು ಒಟ್ಟಾಗಿ ಎದುರು ನಿಂತಿದ್ದರು. ಮುಂದೆ ಕಾಂಕ್ರೀಟು ಹಾಕಲು ಅಗೆದಾಗ ತಿಂಗಳುಗಟ್ಟಲೆ ಧೂಳು, ಗುಂಡಿ, ಗಿರಾಕಿಯಿಲ್ಲದ ದಿನಗಳು. ಆ ನಡುವೆ ನಾನೊಮ್ಮೆ ಬಂದು ಹಲಗೆಯ ಮೇಲೆ ಕಾಲಿಟ್ಟು ಒಂದು ಅಂಗಡಿಯಿಂದ ಇನ್ನೊಂದಕ್ಕೆ ದಾಟಿದ್ದೆ. ನನ್ನ ಅಭಿಪ್ರಾಯ ಕೇಳಿದರೆ, ಈ ರಸ್ತೆಯನ್ನು ಅಗಲ ಮಾಡಬಾರದು. ಅಗಲ ಮಾಡಿದರೆ ಮೊದಲು ಹೋಗುವುದು ಮುಂಭಾಗ. ಆ ಮರದ ಕಂಬ, ಆ ಕಿಟಕಿ, ಸವೆದ ಇಸವಿ ಎಲ್ಲವೂ ಇರುವುದು ಮುಂಭಾಗದಲ್ಲೇ. ಲಾರಿಗಳನ್ನು ರಾತ್ರಿಗೆ ಬಿಟ್ಟು, ಹಗಲು ನಡೆಯುವವರಿಗೆ ಬಿಟ್ಟುಕೊಡಲಿ.

ಚೈತ್ರ ಹುಣ್ಣಿಮೆಯ ರಾತ್ರಿ ಹೀಗೇ ಆಗುತ್ತದೆ ನೋಡಿ. ಧರ್ಮರಾಯನ ಗುಡಿಯಿಂದ ಕರಗ ಹೊರಟು ಈ ಪೇಟೆಯ ಬೀದಿಗಳನ್ನೆಲ್ಲ ಸುತ್ತುತ್ತದೆ. ಕತ್ತಿ ಹಿಡಿದ ವೀರಕುಮಾರರು, ಮಲ್ಲಿಗೆಯ ಘಮ, "ಗೋವಿಂದಾ" ಎಂಬ ಕೂಗು. ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾದಲ್ಲೂ ನಿಂತು ಮುಂದೆ ಹೋಗುತ್ತದೆ. ಆ ಒಂದು ರಾತ್ರಿ ವಾಹನಗಳಿಲ್ಲದ ದೊಡ್ಡಪೇಟೆಯನ್ನು ಕಂಡವರಿಗೆ ಈ ಬೀದಿಯ ಅಳತೆ ಮನುಷ್ಯನ ಹೆಜ್ಜೆಯ ಅಳತೆ ಎಂದು ಗೊತ್ತಾಗುತ್ತದೆ.

ಒಂಬತ್ತೂವರೆಗೆ ರಸ್ತೆ ಮುಗಿದು ಮಾರ್ಕೆಟ್ ಎದುರಾಯಿತು. ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗ. ಇದೇ ಸುತ್ತಿನಲ್ಲಿ 1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿತು. 1928ರಲ್ಲಿ ಕೃಷ್ಣರಾಜೇಂದ್ರ ಮಾರ್ಕೆಟ್ ಎದ್ದಿತು. ಸೇವಂತಿಗೆಯ ಗುಡ್ಡೆ, ಕನಕಾಂಬರದ ಗುಡ್ಡೆ, ಮೊಳದ ಲೆಕ್ಕ, ಮಾರಿನ ಲೆಕ್ಕ. ಮೇಲೆ ಫ್ಲೈಓವರಿನಲ್ಲಿ ಬಸ್ಸುಗಳು ಇದಾವುದೂ ತಮಗೆ ಸೇರಿದ್ದಲ್ಲವೆಂಬಂತೆ ಸಾಗುತ್ತಿದ್ದವು. ಎರಡು ಮೊಳ ಮಲ್ಲಿಗೆ ಕೊಂಡು, ಗೋಣಿತಾಟಿನ ಯಜಮಾನರಿಂದ ಕೊಂಡಿದ್ದ ಪುಸ್ತಕದ ಜೊತೆ ಚೀಲಕ್ಕೆ ಹಾಕಿದೆ.

ನೀವೂ ಒಂದು ಭಾನುವಾರ ಬನ್ನಿ. ಬೇಗ ಬನ್ನಿ, ಶಟರುಗಳು ಮೇಲೇಳುವ ಮುಂಚೆ. ಮಕ್ಕಳನ್ನು ಕರೆತನ್ನಿ. ಕೆಳಗಿನ ಫಲಕ ಬಿಟ್ಟು ಮಹಡಿ ನೋಡುತ್ತ ನಡೆಯಿರಿ, ಹಳೆಯ ಪುಸ್ತಕ ಒಂದಾದರೂ ಕೊಳ್ಳಿ. ಆಟೋ ಹತ್ತುವಾಗ ಮಾತ್ರ ದೊಡ್ಡಪೇಟೆ ಎಂದೇ ಹೇಳಿ. ಚಾಲಕ ಎಲ್ಲಿ ಎಂದು ಕೇಳಿದರೆ, ದಾರಿ ತೋರಿಸಿ.